ಹೊಸ ಊರಲ್ಲಿ ಇಬ್ಬರೂ ಕೆಲಸ ಹುಡುಕುವಾಗ: ಹೊರಡುವ ದಿನದಿಂದ ಮೊದಲ ಸಂಬಳದವರೆಗೆ

ಇಬ್ಬರೂ ಸೇರಿ ಊರು ಬಿಡುವ ತೀರ್ಮಾನ ಆಗಿದೆ. ಹೊಸ ಊರಲ್ಲಿ ಮನೆ ಇಲ್ಲ, ಪರಿಚಯದವರು ಕಡಿಮೆ, ಇಬ್ಬರಲ್ಲಿ ಒಬ್ಬರಿಗೂ ಕೆಲಸ ಇಲ್ಲ. ಇಲ್ಲವೇ ಒಬ್ಬರಿಗೆ ಸಿಕ್ಕಿದೆ, ಇನ್ನೊಬ್ಬರು ಅದನ್ನೇ ನಂಬಿಕೊಂಡು ಇದ್ದ ಕೆಲಸ ಬಿಟ್ಟು ಜೊತೆಗೆ ಬಂದಿದ್ದಾರೆ. ಇಂಥ ಹೊತ್ತಲ್ಲಿ ಸಲಹೆ ಕೊಡುವವರಿಗೇನೂ ಬರ ಇರುವುದಿಲ್ಲ. ಮೊದಲು ಒಳ್ಳೆ ಮನೆ ನೋಡಿ ಎನ್ನುತ್ತಾರೆ ಒಬ್ಬರು. ಯಾವುದೋ ಒಂದು ಕೆಲಸಕ್ಕೆ ಸೇರಿಕೊಂಡುಬಿಡಿ ಎನ್ನುತ್ತಾರೆ ಇನ್ನೊಬ್ಬರು.

ನಾನು ಹೇಳುವುದು ಇಷ್ಟು. ಮನೆ, ಸಾಮಾನು, ಸಹಿ ಹಾಕುವ ಕಾಗದ, ಇವುಗಳಲ್ಲಿ ಸಡಿಲವಾಗಿರಿ. ಬೇಡ ಅನ್ನಿಸಿದರೆ ಜಾಸ್ತಿ ನಷ್ಟವಿಲ್ಲದೆ ಬಿಟ್ಟು ಬರುವ ಹಾಗಿರಲಿ. ದಿನಚರಿ, ಜನರ ಪರಿಚಯ, ನಿಮ್ಮಿಬ್ಬರ ನಡುವಿನ ಮಾತುಕತೆ, ಇವುಗಳಲ್ಲಿ ಮಾತ್ರ ಮೊದಲ ವಾರದಿಂದಲೇ ಬಿಗಿಯಾಗಿರಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಬಂದ ವಾರವೇ ವರ್ಷದ ಅಗ್ರಿಮೆಂಟ್‌ಗೆ ಸಹಿ ಹಾಕಿ, ಸೋಫಾ ತಂದು ಹಾಕಿ, ಆಮೇಲೆ ದಿನ ಹೇಗೆ ಹೋಯಿತು ಅಂತಲೇ ತಿಳಿಯದೆ ತಿಂಗಳು ಕಳೆದುಬಿಡುತ್ತಾರೆ.

ಹೆಜ್ಜೆ 1: ಇರುವ ದುಡ್ಡನ್ನು ತಿಂಗಳಲ್ಲಿ ಎಣಿಸಿ

ಬ್ಯಾಂಕಿನಲ್ಲಿರುವ ಮೊತ್ತ ನೋಡಿ ಧೈರ್ಯ ತಂದುಕೊಳ್ಳಬೇಡಿ, ಹೆದರಲೂ ಬೇಡಿ. ಅದು ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ. ಇಬ್ಬರೂ ಪಕ್ಕಪಕ್ಕ ಕೂತು, ಒಂದೇ ಹಾಳೆಯ ಮೇಲೆ.

ಉಳಿತಾಯವೆಲ್ಲ ಸೇರಿ 100 ಪಾಲು ಎಂದುಕೊಳ್ಳಿ. ಸಾಮಾನು ಸಾಗಿಸುವ ಖರ್ಚು, ಮನೆಯ ಅಡ್ವಾನ್ಸ್, ಮೊದಲ ತಿಂಗಳು ಬಕೆಟ್‌ನಿಂದ ಬಲ್ಬ್‌ವರೆಗೆ ತರಬೇಕಾದ ಸಣ್ಣಪುಟ್ಟ ವಸ್ತುಗಳು, ಇವಕ್ಕೆಲ್ಲ 30 ಹೋಯಿತು. ಇನ್ನು 10 ಪಾಲನ್ನು ಕೈಗೆ ಸುಲಭವಾಗಿ ಸಿಗದ ಬೇರೆ ಖಾತೆಯಲ್ಲಿ ಇಡಿ. ಅದು ಕಾಯಿಲೆ ಕಸಾಲೆಗೆ, ಅಥವಾ ತುರ್ತಾಗಿ ಊರಿಗೆ ಹೋಗಬೇಕಾಗಿ ಬಂದರೆ. ಉಳಿದದ್ದು 60. ತಿಂಗಳ ಖರ್ಚು 12 ಆದರೆ 5 ತಿಂಗಳು ಬರುತ್ತದೆ.

ಆದರೆ 5 ತಿಂಗಳ ದುಡ್ಡಿದೆ ಎಂದರೆ 5 ತಿಂಗಳು ಕೆಲಸ ಹುಡುಕಬಹುದು ಎಂದು ಅರ್ಥವಲ್ಲ. ಇಲ್ಲೇ ಬಹಳ ಜನ ಎಡವುವುದು. ಅರ್ಜಿ ಹಾಕಿದ ಮೇಲೆ ಎರಡು ಮೂರು ಸುತ್ತಿನ ಸಂದರ್ಶನ, ಆಮೇಲೆ ಸಂಬಳದ ಮಾತು, ಹಳೆ ಕಂಪನಿಯಲ್ಲಿ ವಿಚಾರಣೆ, ಆಮೇಲೆ ಕೈಗೆ ಲೆಟರ್. ಇದಕ್ಕೆಲ್ಲ ವಾರಗಳೇ ಹಿಡಿಯುತ್ತವೆ. ಕೆಲಸಕ್ಕೆ ಸೇರಿದ ದಿನ ಸಂಬಳ ಬರುವುದಿಲ್ಲ. ಹಲವು ಕಡೆ ಸಂಬಳದ ಪಟ್ಟಿಯನ್ನು ತಿಂಗಳ ನಡುವೆಯೇ ಮುಚ್ಚಿಬಿಡುತ್ತಾರೆ. ನೀವು 20ನೇ ತಾರೀಖು ಸೇರಿದರೆ ನಿಮ್ಮ ಮೊದಲ ಸಂಬಳ ಮುಂದಿನ ತಿಂಗಳ ಕೊನೆಗೆ, ಅಂದರೆ ಸುಮಾರು 40 ದಿನ ಬಿಟ್ಟು ಬರಬಹುದು. ಹಾಗಾಗಿ ಕೊನೆಯ 2 ತಿಂಗಳ ದುಡ್ಡು ಹುಡುಕಾಟದ ದುಡ್ಡಲ್ಲ, ಕೆಲಸಕ್ಕೆ ಸೇರಿದ ಮೇಲೆ ಸಂಬಳ ಬರುವ ತನಕ ಬದುಕುವ ದುಡ್ಡು. ನಿಮಗಿರುವುದು ನಿಜವಾಗಿ 3 ತಿಂಗಳು.

ಆ ಮೂರನೇ ತಿಂಗಳ ಕೊನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದು ಗಡುವಿನ ದಿನ. ಅವತ್ತಿಗೂ ಬೇಕಾದ ಕೆಲಸ ಸಿಗದಿದ್ದರೆ ಇಬ್ಬರಲ್ಲಿ ಒಬ್ಬರು ಸಿಕ್ಕಿದ ಕೆಲಸ ಹಿಡಿಯುತ್ತೀರಿ. ಯಾರು ಹಿಡಿಯುತ್ತೀರಿ ಅನ್ನುವುದನ್ನೂ ಈಗಲೇ ಬರೆದಿಡಿ. ಕೈಯಲ್ಲಿ ದುಡ್ಡು ಇರುವಾಗ ಮಾಡಿದ ತೀರ್ಮಾನಕ್ಕೂ, ಖಾಲಿಯಾದ ಮೇಲೆ ಮಾಡುವ ತೀರ್ಮಾನಕ್ಕೂ ಬಹಳ ವ್ಯತ್ಯಾಸ ಇದೆ.

ಹಳೆ ಊರು ಬಿಡುವ ಮೊದಲೇ ಮುಗಿಸಬೇಕಾದ್ದು ಒಂದಿದೆ. ಹಿಂದಿನ ಕಂಪನಿಯಿಂದ ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ತಿಂಗಳುಗಳ ಸಂಬಳದ ಚೀಟಿ ಕೈಗೆ ತೆಗೆದುಕೊಂಡೇ ಹೊರಡಿ. ದೂರದಿಂದ ಮೇಲ್ ಕಳಿಸಿ ಇವನ್ನು ತರಿಸಿಕೊಳ್ಳುವುದು ದೊಡ್ಡ ಪಾಡು. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ನಿಂತುಹೋಗಿದೆಯಾ ನೋಡಿಕೊಳ್ಳಿ. ನಿಂತಿದ್ದರೆ ಬೇರೆ ಖರ್ಚು ಕಡಿಮೆ ಮಾಡಿಯಾದರೂ ಇಬ್ಬರಿಗೂ ಒಂದು ವಿಮೆ ಮಾಡಿಸಿ.

ಹೆಜ್ಜೆ 2: ಜಗಳ ಬರುವ ಮೊದಲೇ ಮಾತಾಡಿ

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಅಮೆರಿಕದ ಮನೋವೈದ್ಯರು ಬದುಕಿನ 43 ಬದಲಾವಣೆಗಳ ಪಟ್ಟಿ ಮಾಡಿ, ಹೊಂದಿಕೊಳ್ಳಲು ಯಾವುದು ಎಷ್ಟು ಕಷ್ಟ ಎಂದು ಅಂಕ ಕೊಟ್ಟರು. ಅದರಲ್ಲಿ ಮದುವೆಗೆ 50, ಕೆಲಸ ಕಳೆದುಕೊಳ್ಳುವುದಕ್ಕೆ 47, ಹಣದ ಸ್ಥಿತಿ ಬದಲಾಗುವುದಕ್ಕೆ 38, ಮನೆ ಬದಲಾಯಿಸುವುದಕ್ಕೆ 20. ಒಂದು ಎಳೆಯ ಜೋಡಿ ಇವುಗಳಲ್ಲಿ ಮೂರು ನಾಲ್ಕನ್ನು ಒಂದೇ ವರ್ಷದಲ್ಲಿ ತಲೆ ಮೇಲೆ ಹೊತ್ತುಕೊಂಡಿರುತ್ತದೆ. ಸಣ್ಣ ಮಾತಿಗೂ ಸಿಟ್ಟು ಬಂದರೆ ನಿಮ್ಮಿಬ್ಬರಲ್ಲಿ ಏನೋ ಕೆಟ್ಟುಹೋಗಿದೆ ಎಂದುಕೊಳ್ಳಬೇಡಿ. ಹೊರೆ ಜಾಸ್ತಿಯಾಗಿದೆ, ಅಷ್ಟೇ.

ಹೊರಡುವ ಮೊದಲೇ ಈ ಪ್ರಶ್ನೆಗಳಿಗೆ ಇಬ್ಬರೂ ಬೇರೆಬೇರೆ ಕೂತು ಉತ್ತರ ಬರೆಯಿರಿ, ಆಮೇಲೆ ಹಾಳೆ ಅದಲುಬದಲು ಮಾಡಿಕೊಳ್ಳಿ. ಯಾವ ಕೆಲಸವನ್ನು ನಾನು ಎಷ್ಟೇ ಕಷ್ಟ ಬಂದರೂ ಮಾಡುವುದಿಲ್ಲ? ಒಬ್ಬರಿಗೆ ಮೊದಲು ಕೆಲಸ ಸಿಕ್ಕರೆ ಇನ್ನೊಬ್ಬರಿಗೆ ಹುಡುಕಲು ಎಷ್ಟು ತಿಂಗಳು ಕೊಡುತ್ತೇವೆ? ಇಬ್ಬರಿಗೂ ಊರಿನ ಎರಡು ತುದಿಗಳಲ್ಲಿ ಕೆಲಸ ಸಿಕ್ಕರೆ ಮನೆ ಯಾವ ಕಡೆಗೆ? ಎರಡೂ ಮನೆಯವರಿಗೆ ನಮ್ಮ ಪರಿಸ್ಥಿತಿ ಎಷ್ಟು ಹೇಳುತ್ತೇವೆ, ಎಷ್ಟು ಹೇಳುವುದಿಲ್ಲ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರು ತಮ್ಮ ಅಮ್ಮನಿಗೆ ಎಲ್ಲವನ್ನೂ ಹೇಳಿ ಹಗುರಾಗುತ್ತಾರೆ. ಇನ್ನೊಬ್ಬರು ಮನೆಯವರಿಗೆ ಎಲ್ಲ ಸರಿಯಾಗಿದೆ ಎಂದು ಹೇಳಿಕೊಂಡು ಬಂದಿರುತ್ತಾರೆ. ಒಂದು ದಿನ ಎರಡೂ ಮನೆಯವರು ಫೋನಿನಲ್ಲಿ ಮಾತಾಡಿದಾಗ ಸಿಕ್ಕಿಬೀಳುವವರು ನೀವು. ಇಬ್ಬರೂ ಒಂದೇ ಮಾತು ಹೇಳುವುದೆಂದು ಮೊದಲೇ ಒಪ್ಪಿಕೊಳ್ಳಿ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಇಬ್ಬರೂ ಕೆಲಸ ಹುಡುಕುತ್ತಿದ್ದರೂ ಅಡುಗೆ, ಬಟ್ಟೆ, ಗುಡಿಸುವುದು, ಗ್ಯಾಸ್‌ನವರಿಗೆ ಕಾಯುವುದು ಇವೆಲ್ಲ ಸದ್ದಿಲ್ಲದೆ ಹೆಂಡತಿಯ ಪಾಲಿಗೆ ಹೋಗಿಬಿಡುತ್ತವೆ. ಆಗ ಗಂಡನಿಗೆ ಹುಡುಕಲು ದಿನಕ್ಕೆ ಆರು ಗಂಟೆ, ಹೆಂಡತಿಗೆ ಎರಡು ಗಂಟೆ. ಮೂರು ತಿಂಗಳಾದ ಮೇಲೆ ಅವಳಿಗೆ ಯಾಕೆ ಇನ್ನೂ ಸಿಕ್ಕಿಲ್ಲ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಮನೆಕೆಲಸವನ್ನು ದಿನದ ಲೆಕ್ಕದಲ್ಲಿ ಹಂಚಿಕೊಳ್ಳಿ. ಇವತ್ತು ಮನೆ ಪೂರ್ತಿ ಒಬ್ಬರದು, ನಾಳೆ ಇನ್ನೊಬ್ಬರದು. ಹೀಗೆ ಮಾಡಿದರೆ ದಿನ ಬಿಟ್ಟು ದಿನ ಪ್ರತಿಯೊಬ್ಬರಿಗೂ ಪೂರ್ತಿ ಬಿಡುವಾದ ಒಂದು ದಿನ ಸಿಗುತ್ತದೆ. ಕೆಲಸ ಕೆಲಸಕ್ಕೂ ಪಾಲು ಮಾಡುವುದಕ್ಕಿಂತ ಇದು ಸುಲಭ.

ಕೆಲಸದ ವಿಷಯ ಮಾತಾಡಲು ವಾರಕ್ಕೊಂದು ಹೊತ್ತು ಗೊತ್ತು ಮಾಡಿ. ಆ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ "ಇವತ್ತು ಏನಾದ್ರೂ ಬಂತಾ?" ಎಂದು ಕೇಳಬೇಡಿ. ಕೇಳುವವರಿಗೆ ಅದು ಬರೀ ಕಾಳಜಿ. ಕೇಳಿಸಿಕೊಳ್ಳುವವರು ಮಾತ್ರ ದಿನಕ್ಕೊಂದು ಸಲ ಇಲ್ಲ ಎಂದು ಹೇಳಬೇಕು, ಅಲ್ವಾ? ಏನಾದರೂ ಬಂದಿದ್ದರೆ ಅವರೇ ಓಡಿ ಬಂದು ಹೇಳುತ್ತಾರೆ.

ಹೆಜ್ಜೆ 3: ಮೊದಲು ತಂಗುವ ಜಾಗ, ಆಮೇಲೆ ಮನೆ

ದೂರದಲ್ಲಿ ಕೂತು ಫೋಟೋ ನೋಡಿ ಮನೆ ಹಿಡಿಯಬೇಡಿ. ಮೊದಲ ಎರಡು ಮೂರು ವಾರ ನೆಂಟರ ಮನೆ, ಸ್ನೇಹಿತರ ರೂಮು, ವಾರದ ಬಾಡಿಗೆಗೆ ಸಿಗುವ ಜಾಗ, ಯಾವುದಾದರೂ ಆಗಬಹುದು. ಆ ವಾರಗಳಲ್ಲಿ ಊರು ಸುತ್ತಿ. ಮನೆ ನೋಡದೆ, ಮಾಲೀಕರನ್ನು ಕಾಣದೆ ಯಾರಿಗೂ ಟೋಕನ್ ಹಣ ಕಳಿಸಬೇಡಿ. "ಬೇರೆಯವರು ಕೇಳ್ತಿದಾರೆ, ಈಗಲೇ ಸ್ವಲ್ಪ ಹಾಕಿಬಿಡಿ" ಎಂದು ಅವಸರ ಮಾಡುವವರಲ್ಲಿ ಮೋಸಗಾರರು ಬಹಳ.

ಯಾವ ಏರಿಯಾ? ಇನ್ನೂ ಕೆಲಸವೇ ಸಿಗದಿರುವಾಗ ಯಾವುದೋ ಒಂದು ಆಫೀಸಿನ ಹತ್ತಿರ ಮನೆ ಮಾಡುವುದರಲ್ಲಿ ಅರ್ಥವಿಲ್ಲ. ಎರಡು ಮೂರು ದಿಕ್ಕಿಗೆ ಬಸ್ಸು, ರೈಲು ಸುಲಭವಾಗಿ ಸಿಗುವ ಕಡೆ ನೋಡಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಒಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಊರು ಯಾವುದೇ ಇರಲಿ, ಕಾಲ ಯಾವುದೇ ಇರಲಿ, ಜನ ಸರಾಸರಿ ದಿನಕ್ಕೆ ಸುಮಾರು 1 ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ದೊಡ್ಡ ಊರಲ್ಲಿ ಇದು ಎಲ್ಲರಿಗೂ ಸಾಧ್ಯವಾಗುವುದಿಲ್ಲ ನಿಜ. ಆದರೆ ದಿನಾ 3 ಗಂಟೆ ಬಸ್ಸಿನಲ್ಲಿ ಕಳೆಯುತ್ತೇನೆ, ಬಾಡಿಗೆ ಉಳಿಯುತ್ತದಲ್ಲ ಎಂದು ಲೆಕ್ಕ ಹಾಕುವವರು ಆರು ತಿಂಗಳಲ್ಲಿ ಮನೆ ಬದಲಾಯಿಸುತ್ತಾರೆ.

ಇಷ್ಟವಾದ ಮನೆಯನ್ನು ಎರಡು ಸಲ ನೋಡಿ. ಒಂದು ಸಲ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಲ್ಲಿ, ಇನ್ನೊಂದು ಸಲ ರಾತ್ರಿ ಒಂಬತ್ತರ ಮೇಲೆ. ಬೆಳಿಗ್ಗೆ ಹೋದರೆ ಬಸ್ಸಿನ ರಶ್ಶು, ನೀರಿನ ಒತ್ತಡ ಗೊತ್ತಾಗುತ್ತದೆ. ರಾತ್ರಿ ಹೋದರೆ ಬೀದಿ ದೀಪ, ಸದ್ದುಗದ್ದಲ, ಒಬ್ಬರೇ ನಡೆದು ಬರಲು ಆಗುತ್ತದೆಯಾ ಎನ್ನುವುದು ಗೊತ್ತಾಗುತ್ತದೆ. ಒಳಗೆ ಹೋದಾಗ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಪ್ರತಿ ಕೋಣೆಯಲ್ಲೂ ನಿಂತು ಫೋನಿನ ಸಿಗ್ನಲ್ ನೋಡಿ. ಫೋನ್ ಸಂದರ್ಶನದ ನಡುವೆ ಮಾತು ಕಡಿದುಹೋದರೆ ಆ ಮನೆಯ ಬಾಡಿಗೆ ಎಷ್ಟು ಕಡಿಮೆ ಇದ್ದರೂ ದುಬಾರಿಯೇ. ಗೋಡೆಯ ಕೆಳಭಾಗದಲ್ಲಿ ತೇವದ ಕಲೆ ಇದೆಯಾ ನೋಡಿ. ಹೊಸದಾಗಿ ಬಣ್ಣ ಹೊಡೆದ ಒಂದೇ ಒಂದು ಗೋಡೆ ಇದ್ದರೆ ಯಾಕೆ ಎಂದು ಕೇಳಿ.

ಅಗ್ರಿಮೆಂಟ್‌ನಲ್ಲಿ ನಾಲ್ಕು ವಿಷಯ ಬರೆದಿರಲೇಬೇಕು. ಬಿಡುವ ಮೊದಲು ಎಷ್ಟು ದಿನದ ನೋಟಿಸ್ ಕೊಡಬೇಕು, ಇಷ್ಟು ತಿಂಗಳು ಇರಲೇಬೇಕು ಎಂಬ ಲಾಕ್-ಇನ್ ಇದೆಯೇ, ಅಡ್ವಾನ್ಸ್ ಯಾವಾಗ ವಾಪಸ್ ಕೊಡುತ್ತಾರೆ ಮತ್ತು ಅದರಲ್ಲಿ ಯಾವುದಕ್ಕೆ ಹಿಡಿದುಕೊಳ್ಳುತ್ತಾರೆ, ಕೆಟ್ಟದ್ದನ್ನು ರಿಪೇರಿ ಮಾಡಿಸುವವರು ಯಾರು. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಲಾಕ್-ಇನ್ ಇಲ್ಲದ ಅಥವಾ ಕಡಿಮೆ ಇರುವ ಮನೆ ಹಿಡಿಯಿರಿ. ನಾಳೆ ಊರಿನ ಇನ್ನೊಂದು ತುದಿಯಲ್ಲಿ ಕೆಲಸ ಸಿಕ್ಕರೆ ಆ ಒಂದು ಸಾಲು ನಿಮ್ಮನ್ನು ಉಳಿಸುತ್ತದೆ. ಅಗ್ರಿಮೆಂಟ್‌ನಲ್ಲಿ ಇಬ್ಬರ ಹೆಸರೂ ಇರಲಿ. ಮುಂದೆ ವಿಳಾಸದ ದಾಖಲೆ ಬೇಕಾದಾಗ ಇಬ್ಬರಿಗೂ ಅದೇ ಕಾಗದ ಸಾಕಾಗಬಹುದು. ಕೀಲಿ ಕೈಗೆ ಬಂದ ದಿನವೇ ಸಾಮಾನು ಒಳಗಿಡುವ ಮೊದಲು ಇಡೀ ಮನೆಯ ವಿಡಿಯೋ ತೆಗೆದು, ಮೀಟರ್ ರೀಡಿಂಗ್ ಫೋಟೋ ಸಮೇತ ಮಾಲೀಕರಿಗೆ ಕಳಿಸಿ. ಕಳಿಸಿದ ತಾರೀಖು ಫೋನಿನಲ್ಲಿ ಉಳಿಯುತ್ತದೆ. ಮನೆ ಬಿಡುವ ದಿನ ವಾದ ಮಾಡಬೇಕಾಗುವುದಿಲ್ಲ.

ಹೆಜ್ಜೆ 4: ಸಾಮಾನು ಕಡಿಮೆ, ಒಂದು ಮೂಲೆ ಗಟ್ಟಿ

ಹಾಸಿಗೆ, ಅಡುಗೆಗೆ ಬೇಕಾದಷ್ಟು ಪಾತ್ರೆ, ಫ್ಯಾನು, ಒಂದು ಮೇಜು, ಎರಡು ಕುರ್ಚಿ. ಮೊದಲ ಸಂಬಳದ ತನಕ ಇಷ್ಟು ಸಾಕು. ಉಳಿದದ್ದು ಸೆಕೆಂಡ್ ಹ್ಯಾಂಡ್ ಸಿಕ್ಕರೆ ತನ್ನಿ. ಕಂತಿನಲ್ಲಿ ಮಾತ್ರ ಏನನ್ನೂ ತರಬೇಡಿ. ಸಂಬಳ ಇಲ್ಲದ ಮನೆಗೆ ಕಂತು ಬಂದರೆ ನೀವು ಎಣಿಸಿಟ್ಟ ತಿಂಗಳುಗಳಲ್ಲಿ ಒಂದನ್ನು ಅದೇ ನುಂಗಿಬಿಡುತ್ತದೆ.

ಮೇಜು ಇಡುವ ಮೂಲೆಗೆ ಮಾತ್ರ ಗಮನ ಕೊಡಿ. ವಿಡಿಯೋ ಸಂದರ್ಶನಕ್ಕೆ ಕೂತಾಗ ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಕಿಟಕಿ ಮುಖಕ್ಕೆ ಎದುರಾಗಿರಲಿ, ಹಿಂದೆ ಖಾಲಿ ಗೋಡೆ ಇರಲಿ. ಫೋನನ್ನು ಪುಸ್ತಕಗಳ ಮೇಲಿಟ್ಟು ಕಣ್ಣಿನ ಎತ್ತರಕ್ಕೆ ತನ್ನಿ. ಇಂಟರ್ನೆಟ್ ಕೈಕೊಟ್ಟರೆ ಬಳಸಲು ಇಬ್ಬರ ಫೋನಿನಲ್ಲೂ ಬೇರೆಬೇರೆ ಕಂಪನಿಯ ಸಿಮ್ ಇದ್ದರೆ ಒಳ್ಳೆಯದು. ಒಂದು ಸತ್ತರೆ ಇನ್ನೊಂದು ಇರುತ್ತದೆ.

ಹಳೆಯ ಫೋನ್ ನಂಬರ್ ಬದಲಾಯಿಸಬೇಡಿ. ಎಲ್ಲ ಅರ್ಜಿಯಲ್ಲೂ, ಬ್ಯಾಂಕಿನಲ್ಲೂ ಇರುವುದು ಅದೇ ನಂಬರ್. ರೆಸ್ಯೂಮೆಯಲ್ಲಿ ಮಾತ್ರ ಊರಿನ ಹೆಸರನ್ನು ಬಂದ ದಿನವೇ ಬದಲಾಯಿಸಿ. ಹಳೆ ಊರಿನ ಹೆಸರು ನೋಡಿದವರು, ಇವರು ಬರಲು ಇನ್ನೂ ಸಮಯ ಹಿಡಿಯುತ್ತದೆ ಎಂದು ಪಕ್ಕಕ್ಕೆ ಇಡಬಹುದು.

ಹೆಜ್ಜೆ 5: ಹುಡುಕಾಟ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಮಾತಾಡಿಸಿ ಒಂದು ಸರಳ ಪ್ರಶ್ನೆ ಕೇಳಿದರು. ಸುದ್ದಿ ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? 1973ರಲ್ಲಿ ಪ್ರಕಟವಾದ ಆ ಬರಹದ ಪ್ರಕಾರ, ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು 100ಕ್ಕೆ ಸುಮಾರು 17 ಮಂದಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಸುಮಾರು 56 ಮಂದಿಗೆ. ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವಂಥವರಿಂದ ಸುಮಾರು 28 ಮಂದಿಗೆ. ಕಾರಣ ಕಷ್ಟದ್ದೇನಲ್ಲ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಓಡಾಡುವ ಜಾಗವೇ ಬೇರೆ, ಅವರ ಕಿವಿಗೆ ಬೀಳುವ ಸುದ್ದಿಯೂ ಬೇರೆ.

ಹೊಸ ಊರಿಗೆ ಬಂದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಆಪ್ತರು ಇಲ್ಲದಿದ್ದರೇನಂತೆ, ದೂರದ ಪರಿಚಯದವರು ಎಲ್ಲರಿಗೂ ಇರುತ್ತಾರೆ. ಇಬ್ಬರೂ ಕೂತು ಪಟ್ಟಿ ಮಾಡಿ. ಕಾಲೇಜಿನಲ್ಲಿ ಎರಡು ವರ್ಷ ಹಿರಿಯರು, ಹಿಂದಿನ ಕಂಪನಿ ಬಿಟ್ಟು ಈ ಊರಿಗೆ ಬಂದವರು, ತರಬೇತಿಯಲ್ಲಿ ಪಕ್ಕ ಕೂತಿದ್ದವರು, ಚಿಕ್ಕಪ್ಪನ ಸ್ನೇಹಿತರ ಮಗಳು. ಪಟ್ಟಿ ಇಬ್ಬರದೂ ಒಂದೇ ಇರಲಿ. ನಿಮ್ಮ ಪರಿಚಯದವರು ನಿಮ್ಮ ಸಂಗಾತಿಯ ಕ್ಷೇತ್ರದವರಾಗಿರಬಹುದು. ಜೋಡಿಯಾಗಿ ಬಂದವರಿಗೆ ಇರುವ ದೊಡ್ಡ ಲಾಭವೇ ಇದು, ಆದರೂ ಹೆಚ್ಚಿನವರು ತಮ್ಮ ತಮ್ಮ ಹುಡುಕಾಟ ತಾವು ತಾವೇ ಮಾಡಿಕೊಂಡಿರುತ್ತಾರೆ.

ಅವರಿಗೆ ಕೆಲಸ ಕೊಡಿಸಿ ಎಂದು ಬರೆಯಬೇಡಿ. ಕೆಲಸ ಕೊಡಿಸುವುದು ಅವರ ಕೈಯಲ್ಲಿ ಇರುವುದಿಲ್ಲ, ಇಲ್ಲ ಎನ್ನಲು ಮುಜುಗರವಾಗಿ ಉತ್ತರಿಸದೆ ಸುಮ್ಮನಾಗುತ್ತಾರೆ. ಅವರಿಗೆ ಸುಲಭವಾಗಿ ಕೊಡಲು ಆಗುವಂಥದ್ದನ್ನು ಕೇಳಿ. ಹೀಗೆ:

"ಮೇಡಂ, ನಮಸ್ಕಾರ. ಹಿಂದಿನ ಆಫೀಸಿನಲ್ಲಿ ನಿಮ್ಮ ಪಕ್ಕದ ಟೀಮ್‌ನಲ್ಲಿದ್ದೆ, ನೆನಪಿರಬಹುದು. ಕಳೆದ ವಾರ ಈ ಊರಿಗೆ ಬಂದಿದ್ದೇವೆ. ಅಕೌಂಟ್ಸ್‌ನಲ್ಲಿ 4 ವರ್ಷ ಅನುಭವ ಇದೆ, ಈಗ ಹುಡುಕುತ್ತಿದ್ದೇನೆ. ಈ ಊರಲ್ಲಿ ಯಾವ ಕಂಪನಿಗಳನ್ನು ಮೊದಲು ನೋಡಬೇಕು ಅಂತ ನಿಮ್ಮನ್ನು ಕೇಳಬೇಕಿತ್ತು. ಈ ವಾರ ಹತ್ತು ನಿಮಿಷ ಫೋನಿನಲ್ಲಿ ಸಿಗುತ್ತೀರಾ?"

ಹತ್ತು ನಿಮಿಷ ಕೇಳಿದ್ದರೆ ಹತ್ತೇ ನಿಮಿಷಕ್ಕೆ ಮುಗಿಸಿ. ಕೊನೆಯಲ್ಲಿ "ಇನ್ನು ಯಾರನ್ನು ಮಾತಾಡಿಸಿದರೆ ಒಳ್ಳೆಯದು?" ಎಂದು ಕೇಳಿ. ಅವರು ಹೇಳಿದಂತೆ ಮಾಡಿದ ಮೇಲೆ ಒಂದು ಸಾಲು ಬರೆದು ತಿಳಿಸಿ. ಈ ಕೊನೆಯ ಸಾಲನ್ನು ಬರೆಯುವವರು ಬಹಳ ಕಡಿಮೆ. ಬರೆದವರು ಅವರ ನೆನಪಿನಲ್ಲಿ ಉಳಿಯುತ್ತಾರೆ.

ಆನ್‌ಲೈನ್ ಅರ್ಜಿಗಳನ್ನೂ ಹಾಕಿ, ಆದರೆ ಒಂದೇ ರೆಸ್ಯೂಮೆಯನ್ನು ಸುಮ್ನೆ ನೂರು ಕಡೆ ಎಸೆಯಬೇಡಿ. ಹಲವು ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಓದಿ ವಿಂಗಡಿಸುತ್ತದೆ. ಚಿತ್ರ, ಬಾಕ್ಸು, ಎರಡು ಕಾಲಮ್ ಇದ್ದರೆ ಅದು ತಪ್ಪಾಗಿ ಓದಿಕೊಳ್ಳಬಹುದು. ಸಾದಾ ಪುಟ ಸಾಕು. ಜಾಹೀರಾತಿನಲ್ಲಿ ಅವರು ಬಳಸಿದ ಪದವೇ ನಿಮ್ಮ ಅನುಭವಕ್ಕೂ ಹೊಂದುವುದಾದರೆ ಅದೇ ಪದ ಬಳಸಿ. ಎಲ್ಲಿ ಅರ್ಜಿ ಹಾಕಿದಿರಿ, ಯಾವ ತಾರೀಖು, ಯಾವ ರೆಸ್ಯೂಮೆ, ಯಾರ ಮೂಲಕ, ಮುಂದೆ ಏನು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ವಾರದ ಮೇಲೆ ಯಾರೋ ಫೋನ್ ಮಾಡಿ ಕಂಪನಿ ಹೆಸರು ಹೇಳಿದಾಗ ತಡಬಡಾಯಿಸುವುದು ತಪ್ಪುತ್ತದೆ. ಒಂದು ವಾರ ಉತ್ತರ ಬರದಿದ್ದರೆ ಒಮ್ಮೆ ವಿಚಾರಿಸಿ. ಮತ್ತೂ ಬರದಿದ್ದರೆ ಮುಂದೆ ಹೋಗಿ.

ಈ ಊರಿಗೆ ಯಾಕೆ ಬಂದಿರಿ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಅದರ ಹಿಂದಿನ ಅನುಮಾನ ಒಂದೇ, ಆರು ತಿಂಗಳಲ್ಲಿ ಎದ್ದು ಹೋಗುತ್ತಾರಾ ಎಂಬುದು. "ಸಂಗಾತಿಯ ಜೊತೆ ಬಂದೆ" ಎಂದಷ್ಟೇ ಹೇಳಿ ನಿಲ್ಲಿಸಿದರೆ ಆ ಅನುಮಾನ ಬಲವಾಗುತ್ತದೆ. "ಇಬ್ಬರ ಕ್ಷೇತ್ರಕ್ಕೂ ಅವಕಾಶ ಇರುವ ಊರು ಎಂದು ಯೋಚಿಸಿ ಬಂದಿದ್ದೇವೆ, ಮನೆ ಮಾಡಿ ಆಗಿದೆ, ಇಲ್ಲೇ ಇರುವ ಯೋಚನೆ" ಎಂದು ಹೇಳಿ. ಅದು ನಿಜವೂ ಹೌದು.

ಮನೆಯಲ್ಲಿ ಒಬ್ಬರನ್ನೊಬ್ಬರು ಅಣಕು ಸಂದರ್ಶನ ಮಾಡಿ. ಅಭಿಪ್ರಾಯ ಹೇಳುವಾಗ ಒಂದು ಒಪ್ಪಂದ ಇರಲಿ. ಮೊದಲು ಚೆನ್ನಾಗಿದ್ದದ್ದು, ಆಮೇಲೆ ತಿದ್ದಬೇಕಾದದ್ದು ಒಂದೇ ಒಂದು. ಹತ್ತು ತಪ್ಪು ಒಟ್ಟಿಗೆ ಕೇಳಿಸಿಕೊಂಡವರು ಮರುದಿನ ನಿಜವಾದ ಸಂದರ್ಶನಕ್ಕೆ ಕುಗ್ಗಿ ಹೋಗುತ್ತಾರೆ. ನಿಜವಾದದ್ದು ಮುಗಿಸಿ ಬಂದ ದಿನ ಏನನ್ನೂ ವಿಶ್ಲೇಷಣೆ ಮಾಡಬೇಡಿ, ಅದು ಮರುದಿನಕ್ಕೆ ಇರಲಿ.

ಕೆಲಸಕ್ಕಾಗಿ ದುಡ್ಡು ಕೇಳಿದರೆ ಅದು ಕೆಲಸವಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇರಲಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ, ಮೂಲವನ್ನು ಯಾರ ಬಳಿಯೂ ಬಿಡಬೇಡಿ. ಸಂದರ್ಶನವೇ ಇಲ್ಲದೆ ಮೆಸೇಜಿನಲ್ಲೇ ಆಯ್ಕೆಯಾಗಿದ್ದೀರಿ ಎಂದರೆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ಕೇಳಿ. ಕೈ ಬರಿದಾಗುತ್ತಾ ಬಂದ ತಿಂಗಳಲ್ಲೇ ಇಂಥವು ಹೆಚ್ಚು ಸೆಳೆಯುತ್ತವೆ. ಆದ್ದರಿಂದ ದುಡ್ಡಿನ ಮಾತು ಬಂದರೆ ಇಬ್ಬರೂ ಸೇರಿ ನೋಡದೆ ಏನನ್ನೂ ಕಳಿಸುವುದಿಲ್ಲ ಎಂದು ಒಪ್ಪಿಕೊಂಡಿರಿ.

ಹೆಜ್ಜೆ 6: ದಿನಕ್ಕೆ ಒಂದು ಆಕಾರ ಕೊಡಿ

1930ರ ಆಸುಪಾಸಿನಲ್ಲಿ ಆಸ್ಟ್ರಿಯಾದ ಮರೀನ್‌ಟಾಲ್ ಎಂಬ ಪುಟ್ಟ ಊರಿನ ಬಟ್ಟೆ ಕಾರ್ಖಾನೆ ಮುಚ್ಚಿತು. ಇಡೀ ಊರು ಅದನ್ನೇ ನಂಬಿಕೊಂಡಿತ್ತು. ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ, ಕೆಲಸವಿಲ್ಲದ ಜನ ದಿನ ಹೇಗೆ ಕಳೆಯುತ್ತಾರೆ ಎಂದು ನೋಡಿ 1933ರಲ್ಲಿ ಪ್ರಕಟಿಸಿದರು. ಬಿಡುವು ಹೆಚ್ಚಾಗಿತ್ತು, ಆದರೆ ಜನ ಗ್ರಂಥಾಲಯದಿಂದ ಒಯ್ಯುತ್ತಿದ್ದ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಸಮಯಕ್ಕೆ ಕಟ್ಟು ಇಲ್ಲದಿದ್ದರೆ ಅದು ಹಾಗೇ ಸೋರಿಹೋಗುತ್ತದೆ.

ಹಾಗಾಗಿ ಕೆಲಸಕ್ಕೆ ಹೋಗುವವರ ಹಾಗೆ ಒಂದೇ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಕೂರಿ. ಬೆಳಿಗ್ಗೆ ಮೂರು ಗಂಟೆ ಗಟ್ಟಿಯಾಗಿ ಹುಡುಕಾಟ, ಮಧ್ಯಾಹ್ನ ಏನಾದರೂ ಕಲಿಯುವುದು ಅಥವಾ ಯಾರನ್ನಾದರೂ ಭೇಟಿಯಾಗುವುದು, ಸಂಜೆ ಐದಕ್ಕೆ ಮುಚ್ಚಿಬಿಡಿ. ಇಡೀ ದಿನ ಹುಡುಕುತ್ತಿದ್ದೇನೆ ಎನ್ನುವವರು ಹೆಚ್ಚಿನ ಹೊತ್ತು ಫೋನ್ ತೀಡುತ್ತಿರುತ್ತಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ದಿನವಿಡೀ ಕೂರಬೇಡಿ. ಸರದಿಯ ಮೇಲೆ ಒಬ್ಬರು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಸಂಜೆ ಹೇಳಿಕೊಳ್ಳಲು ಇಬ್ಬರಿಗೂ ಬೇರೆಬೇರೆ ಸಂಗತಿ ಇರುತ್ತದೆ.

ಹೆಜ್ಜೆ 7: ಜನ

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಹೊಸ ಜಾಗಕ್ಕೆ ಬಂದವರಿಗೆ ಸ್ನೇಹಿತರು ಹೇಗೆ ಸಿಗುತ್ತಾರೆ ಎನ್ನುವುದರ ಬಗ್ಗೆಯೇ ಇದೆ. ಬರೀ ಪರಿಚಯ ಸಾದಾ ಸ್ನೇಹವಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಸ್ನೇಹಿತರು ಎನ್ನಲು ಸುಮಾರು 90, ಆಪ್ತರಾಗಲು 200ಕ್ಕಿಂತ ಹೆಚ್ಚು. ವಾರಕ್ಕೆ 2 ಗಂಟೆ ಸಿಗುವವರು ಸಾದಾ ಸ್ನೇಹಿತರಾಗಲು ಆರು ತಿಂಗಳು ಬೇಕು ಎಂದಾಯಿತು. ಬಂದ ಎರಡನೇ ತಿಂಗಳಲ್ಲಿ "ಇಲ್ಲಿ ನಮಗೆ ಯಾರೂ ಇಲ್ಲ" ಅನ್ನಿಸಿದರೆ ಅದು ಊರಿನ ತಪ್ಪಲ್ಲ, ನಿಮ್ಮದೂ ಅಲ್ಲ. ಗಂಟೆಗಳು ಇನ್ನೂ ತುಂಬಿಲ್ಲ.

ಗಂಟೆ ತುಂಬಬೇಕಾದರೆ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಮತ್ತೆ ಮತ್ತೆ ಹೋಗಬೇಕು. ಬೆಳಗಿನ ನಡಿಗೆ, ಆಟದ ಮೈದಾನ, ಹಾಡಿನ ಗುಂಪು, ಸ್ವಯಂಸೇವೆ, ಯಾವುದಾದರೂ ಸರಿ. ಹತ್ತು ಬೇರೆಬೇರೆ ಕಾರ್ಯಕ್ರಮಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಗುಂಪಿಗೆ ಹತ್ತು ಸಲ ಹೋಗಿ. ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಜಾಗ ಇರಲಿ, ಇಬ್ಬರಿಗೂ ಸೇರಿ ಒಂದು. ಹೊಸ ಊರಲ್ಲಿ ಸಂಗಾತಿಯೇ ಸ್ನೇಹಿತ, ಅಮ್ಮ, ಸಹೋದ್ಯೋಗಿ, ಸಲಹೆಗಾರ ಎಲ್ಲವೂ ಆಗಿಬಿಟ್ಟರೆ ಎಷ್ಟೇ ಪ್ರೀತಿಯಿದ್ದರೂ ಉಸಿರು ಕಟ್ಟುತ್ತದೆ.

ಹೆಜ್ಜೆ 8: ಗಡುವಿನ ದಿನ ಬಂದರೆ

ಬಂದರೆ, ಮೊದಲೇ ಬರೆದಿಟ್ಟ ಹಾಗೆ ನಡೆಯಿರಿ. ಹೊಸದಾಗಿ ಚರ್ಚೆ ಬೇಡ. ಸಿಕ್ಕಿದ ಕೆಲಸದಲ್ಲೂ ಆಯ್ಕೆ ಇದೆ. ಸಂಬಳ ಸ್ವಲ್ಪ ಕಡಿಮೆಯಾದರೂ ಸಮಯ ಗೊತ್ತಿರುವ ಕೆಲಸ ಹಿಡಿಯಿರಿ, ಆಗ ಸಂದರ್ಶನಕ್ಕೆ ಹೋಗಲು ಬಿಡುವು ಮಾಡಿಕೊಳ್ಳಬಹುದು. ಬಾಂಡ್‌ಗೆ, ಇಷ್ಟು ವರ್ಷ ಬಿಡುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಬೆಳಗಿನ ಎರಡು ಗಂಟೆಯಾದರೂ ನಿಜವಾದ ಹುಡುಕಾಟಕ್ಕೆ ಉಳಿಸಿಕೊಳ್ಳಿ.

ಹೆಜ್ಜೆ 9: ಒಬ್ಬರಿಗೆ ಸಿಕ್ಕಿತು

ಕೆಲಸ ಸಿಕ್ಕಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಖುಷಿ ಪಡಿ, ಆದರೆ ಲಿಖಿತವಾಗಿ ಕೈಗೆ ಬರುವ ತನಕ ಉಳಿದ ಸಂದರ್ಶನಗಳನ್ನು ನಿಲ್ಲಿಸಬೇಡಿ. ಲೆಟರ್ ಬಂದಾಗ ವರ್ಷದ ಒಟ್ಟು ಮೊತ್ತ ನೋಡಬೇಡಿ. ತಿಂಗಳಿಗೆ ಕೈಗೆ ಎಷ್ಟು, ಅದರಲ್ಲಿ ಖಚಿತವಾದದ್ದು ಎಷ್ಟು, ಕೆಲಸ ನೋಡಿ ಕೊಡುವುದು ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನದ ನೋಟಿಸ್, ಮೊದಲ ಸಂಬಳ ಯಾವ ತಾರೀಖು. ಕೊನೆಯದನ್ನು ಕೇಳಲು ನಾಚಿಕೆ ಬೇಡ, ಎಚ್‌ಆರ್‌ನವರಿಗೆ ಅದು ದಿನನಿತ್ಯದ ಪ್ರಶ್ನೆ. ಪ್ರೊಬೇಷನ್ ಮುಗಿಯುವ ತನಕ ಮನೆ ಖರ್ಚು ಈಗಿನಷ್ಟೇ ಇರಲಿ. ಮೊದಲ ಸಂಬಳಗಳು ಖಾಲಿಯಾದ ಉಳಿತಾಯಕ್ಕೆ ವಾಪಸ್ ಹೋಗಲಿ.

ಇನ್ನೂ ಸಿಗದವರ ಕಡೆಗೆ ಈಗ ಹೆಚ್ಚು ಗಮನ ಬೇಕು. ಒಬ್ಬರು ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟ ಮೇಲೆ ಮನೆ ಒಮ್ಮೆಲೇ ಖಾಲಿಯಾಗುತ್ತದೆ. ಮನೆಕೆಲಸವೆಲ್ಲ ಮನೆಯಲ್ಲಿರುವವರ ತಲೆಗೆ ಬರುತ್ತದೆ. ದಿನ ಬಿಟ್ಟು ದಿನದ ಹಂಚಿಕೆ ಇನ್ನು ನಡೆಯುವುದಿಲ್ಲ, ಹೊಸದಾಗಿ ಕೂತು ಮಾಡಿಕೊಳ್ಳಿ. ಬೆಳಗಿನ ಮೂರು ಗಂಟೆ ಮಾತ್ರ ಯಾರೂ ಮುಟ್ಟುವಂತಿಲ್ಲ ಎಂದಿರಲಿ. ಆ ಹೊತ್ತಲ್ಲಿ ಕೊರಿಯರ್‌ನವರಿಗೆ ಕಾಯುವುದೂ ಇಲ್ಲ, ಬಿಲ್ ಕಟ್ಟುವುದೂ ಇಲ್ಲ. ಸಂಬಳ ಬಂದ ದಿನ ಮನೆ ಖರ್ಚು, ಉಳಿತಾಯ ತೆಗೆದಿಟ್ಟ ಮೇಲೆ, ಎಷ್ಟು ಚಿಕ್ಕದಾದರೂ ಸರಿ, ಒಂದೇ ಮೊತ್ತವನ್ನು ಇಬ್ಬರ ಖಾತೆಗೂ ಹಾಕಿ. ಸಂದರ್ಶನಕ್ಕೆ ಹೋಗುವ ಆಟೋಗೆ, ಫೋನ್ ರೀಚಾರ್ಜ್‌ಗೆ, ಸ್ನೇಹಿತರ ಜೊತೆ ಹೊರಗೆ ಹೋಗುವುದಕ್ಕೆ ಸಂಗಾತಿಯನ್ನು ಕೇಳಬೇಕಾದ ಸ್ಥಿತಿ ಬರಬಾರದು. ಆ ದುಡ್ಡು ಯಾವುದಕ್ಕೆ ಹೋಯಿತು ಎಂದು ಒಬ್ಬರನ್ನೊಬ್ಬರು ಕೇಳಬೇಡಿ.